ಮನಸ್ಸು ಒಲ್ಲೆನೆಂದ ದಿನ ವ್ಯಾಯಾಮ

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಆದರೆ ಈ ಗಾದೆಯನ್ನು ಕಟ್ಟಿದ ಜನರು ಊಟವನ್ನಷ್ಟೇ ಬಲ್ಲವರಾಗಿರಲಿಲ್ಲ. ನೇಗಿಲಿನ ಹಿಂದೆ ನಡೆಯುವುದು, ಬಾವಿಯಿಂದ ನೀರು ಸೇದುವುದು, ಒರಳಿನಲ್ಲಿ ಕುಟ್ಟುವುದು, ಬೀಸುವ ಕಲ್ಲನ್ನು ತಿರುಗಿಸುವುದು, ಸಂತೆಗೆ ಕಾಲ್ನಡಿಗೆಯಲ್ಲಿ ಹೋಗಿಬರುವುದು ಇವೆಲ್ಲವೂ ಅವರ ನಿತ್ಯಜೀವನದಲ್ಲಿ ಸೇರಿಹೋಗಿದ್ದವು. ವ್ಯಾಯಾಮವೆಂಬ ಬೇರೊಂದು ಕಾರ್ಯವನ್ನು ಅವರು ನೆನಪಿಟ್ಟು ಮಾಡಬೇಕಾಗಿರಲಿಲ್ಲ. ಇಂದು ಟ್ರ್ಯಾಕ್ಟರು, ಪಂಪುಸೆಟ್ಟು, ಮಿಕ್ಸಿ, ಮೋಟಾರ್ ಸೈಕಲ್ಲುಗಳು ನಮ್ಮ ಶ್ರಮವನ್ನು ತಗ್ಗಿಸಿವೆ. ಇದು ಸಂತೋಷದ ವಿಷಯವೇ ಸರಿ. ಆದರೆ ಶ್ರಮವು ಮನೆಯಿಂದ ಹೊರಟುಹೋದಾಗ ಆರೋಗ್ಯದ ಒಂದು ಭಾಗವೂ ಅದರೊಡನೆ ಹೊರಟುಹೋಯಿತು. ಅದನ್ನು ನಾವೇ ಬುದ್ಧಿಪೂರ್ವಕವಾಗಿ ಮರಳಿ ಕರೆತರಬೇಕಾಗಿದೆ.

ತೊಡಕು ಇರುವುದು ಇಲ್ಲಿಯೇ. ಮಧುಮೇಹ ಅಥವಾ ರಕ್ತದೊತ್ತಡಕ್ಕೆ ಚಿಕಿತ್ಸೆ ಪಡೆಯಲು ಬರುವವರಿಗೆ ನಡಿಗೆಯ ಪ್ರಯೋಜನಗಳನ್ನು ವಿವರಿಸಿದಾಗ ಬಹುಮಂದಿ ಹೇಳುವ ಮಾತು ಒಂದೇ: "ಡಾಕ್ಟ್ರೇ, ನಡೆಯಬೇಕು ಅಂತ ಗೊತ್ತು. ಆದರೆ ಮನಸ್ಸೇ ಬರುವುದಿಲ್ಲ." ಈ ಮಾತು ಸುಳ್ಳಲ್ಲ. ಇದನ್ನು ಸೋಮಾರಿತನವೆಂದು ಜರೆಯುವುದರಿಂದ ಯಾವ ಪ್ರಯೋಜನವೂ ಇಲ್ಲ. ಮನಸ್ಸು ಬಾರದ ದಿನವೂ ದೇಹವನ್ನು ದುಡಿಸುವ ಬಗೆ ಹೇಗೆ ಎಂಬುದನ್ನು ತಿಳಿಸುವುದೇ ಪ್ರಸ್ತುತ ಪಾಠದ ಉದ್ದೇಶವಾಗಿರುತ್ತದೆ.

೧. ವಿಷಯದ ಗಾಂಭೀರ್ಯ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ಜನರಿಗೆ ಮಧುಮೇಹವಿದೆ. ವಯಸ್ಕರಲ್ಲಿ ಪ್ರತಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡವಿದೆ. ೨೦೨೨ನೆಯ ವರ್ಷಕ್ಕೆ ಸಂಬಂಧಿಸಿದ ಮತ್ತೊಂದು ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಈ ಕೊರತೆಯು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು.

ನಡಿಗೆಯಿಂದ ಏನಾದರೂ ಫಲವುಂಟೇ ಎಂಬ ಪ್ರಶ್ನೆಗೆ ನಮ್ಮ ನೆರೆಯ ಚೆನ್ನೈ ನಗರದಲ್ಲಿಯೇ ಉತ್ತರ ದೊರೆತಿದೆ. ಮಧುಮೇಹ ಇನ್ನೂ ಬಂದಿಲ್ಲದ, ಆದರೆ ರಕ್ತದ ಸಕ್ಕರೆಯು ಮಿತಿಯ ಅಂಚಿಗೆ ಬಂದಿದ್ದ ೫೩೧ ಮಂದಿಯನ್ನು ಡಾ. ಎ. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ಸುಮಾರು ಮೂರು ವರ್ಷಗಳ ಕಾಲ ಗಮನಿಸಿದರು. ೨೦೦೬ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಿಶೇಷ ಸಲಹೆಯಿಲ್ಲದ ಗುಂಪಿನಲ್ಲಿ ೧೦೦ಕ್ಕೆ ೫೫ ಮಂದಿಗೆ ಮಧುಮೇಹ ಕಾಣಿಸಿಕೊಂಡಿತು. ಆಹಾರದಲ್ಲಿ ಮಿತಿ ಮತ್ತು ದಿನವಹಿ ನಡಿಗೆಯನ್ನು ರೂಢಿಸಿಕೊಳ್ಳಲು ಮಾರ್ಗದರ್ಶನ ಪಡೆದ ಗುಂಪಿನಲ್ಲಿ ಇದು ಸುಮಾರು ೩೯ಕ್ಕೆ ಇಳಿಯಿತು. ಅಂದರೆ ನೂರು ಮಂದಿಯಲ್ಲಿ ಹದಿನಾರು ಮಂದಿ ಆ ಅವಧಿಯಲ್ಲಿ ರೋಗದಿಂದ ಪಾರಾದರು. ಹದಿನಾರು ಮಂದಿ ಎಂದರೆ ಹದಿನಾರು ಕುಟುಂಬಗಳು. ಔಷಧದ ಖರ್ಚು, ಕಣ್ಣು ಮತ್ತು ಮೂತ್ರಪಿಂಡಗಳ ತೊಂದರೆ, ಕಾಲಿನ ಹುಣ್ಣು ಇವುಗಳ ಭಯ ಆ ಕುಟುಂಬಗಳಿಂದ ಅಷ್ಟರ ಮಟ್ಟಿಗೆ ದೂರವಾಯಿತೆಂದು ತಿಳಿಯಬೇಕು.

೨. ಉತ್ಸಾಹ ಮೊದಲೋ, ಕೆಲಸ ಮೊದಲೋ?

ಮೊದಲು ಉತ್ಸಾಹ ಹುಟ್ಟಬೇಕು, ಅನಂತರ ವ್ಯಾಯಾಮ ಆರಂಭವಾಗಬೇಕು ಎಂದು ನಾವೆಲ್ಲ ಭಾವಿಸುತ್ತೇವೆ. ಬಹುಪಾಲು ಸೋಲಿಗೆ ಈ ಭಾವನೆಯೇ ಮೂಲ.

ಹಸುವನ್ನು ಸಾಕಿರುವ ಮನೆಯನ್ನು ನೋಡಿರಿ. ಮುಂಜಾನೆ ಹಾಲು ಕರೆದು ಡೇರಿಗೆ ಹಾಕಬೇಕು. ಹಾಲು ಅಳೆಯುವ ಹೊತ್ತು ಗೊತ್ತಾಗಿದೆ. ಮಾಗಿಯ ಚಳಿಯಿರಲಿ, ಆಷಾಢದ ಮಳೆಯಿರಲಿ, ರಾತ್ರಿ ನಿದ್ರೆಗೆಟ್ಟಿರಲಿ, ಆ ಮನೆಯ ತಾಯಿ ಎದ್ದು ಕೊಟ್ಟಿಗೆಗೆ ಹೋಗುತ್ತಾಳೆ. "ಈ ದಿನ ಹಾಲು ಕರೆಯಲು ನನಗೆ ಮನಸ್ಸಿದೆಯೇ?" ಎಂದು ಆಕೆ ತನ್ನನ್ನು ಕೇಳಿಕೊಳ್ಳುವುದಿಲ್ಲ. ಹೊತ್ತು ಗೊತ್ತಾಗಿರುವುದರಿಂದ, ಸ್ಥಳ ಗೊತ್ತಾಗಿರುವುದರಿಂದ, ಕೆಲಸದ ಅಳತೆ ಗೊತ್ತಾಗಿರುವುದರಿಂದ ಅಲ್ಲಿ ಮನಸ್ಸಿನ ಅಪ್ಪಣೆಯ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ಗರಡಿಮನೆಗಳಲ್ಲಿಯೂ ಹೀಗೆಯೇ. ಹೊತ್ತಿಗೆ ಸರಿಯಾಗಿ ಉಸ್ತಾದರ ಎದುರಿನಲ್ಲಿ, ಜೊತೆಗಾರರೊಡನೆ ಸಾಮು ಆರಂಭವಾಗುತ್ತದೆ.

ದೇಹಕ್ಕೆ ದೊರೆಯುವ ಲಾಭವೂ ಮನಸ್ಸಿನ ಉತ್ಸಾಹವನ್ನು ಅವಲಂಬಿಸಿಲ್ಲ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಡಾ. ಜೆರ‍್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಅಧ್ಯಯನ ಮಾಡಿ ೧೯೫೩ರಲ್ಲಿ ವರದಿ ಪ್ರಕಟಿಸಿದರು. ದಿನವಿಡೀ ಕುಳಿತು ಬಸ್ಸು ನಡೆಸುತ್ತಿದ್ದ ಚಾಲಕರಿಗಿಂತ, ಟಿಕೆಟ್ ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಕಡಮೆಯಾಗಿ ಕಂಡುಬಂದಿತು. ಈ ವ್ಯತ್ಯಾಸಕ್ಕೆ ಇತರ ಕಾರಣಗಳೂ ಕೂಡಿರಬಹುದಾದರೂ, ದೇಹಶ್ರಮಕ್ಕೂ ಹೃದಯಕ್ಕೂ ಇರುವ ಸಂಬಂಧವನ್ನು ಅನಂತರದ ಅನೇಕ ಅಧ್ಯಯನಗಳು ಸಮರ್ಥಿಸಿವೆ. ಆ ನಿರ್ವಾಹಕರು ಮೆಟ್ಟಿಲು ಹತ್ತಿದುದು ವ್ಯಾಯಾಮದ ಆಸೆಯಿಂದಲ್ಲ. ಅದು ಅವರ ಕೆಲಸವಾಗಿತ್ತು, ಅಷ್ಟೆ.

ದೇಹದ ರಚನೆಯನ್ನು ನೋಡಿದರೂ ಇದು ಸ್ಪಷ್ಟವಾಗುತ್ತದೆ. ಕಾಲಿನ ಸ್ನಾಯುಗಳು ಸಂಕುಚಿಸಿ ಸಡಿಲಗೊಳ್ಳುವಾಗ, ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳಬಲ್ಲವು. ಗೊಣಗುತ್ತ ನಡೆದವನ ಸ್ನಾಯುವೂ ಹಾಡುತ್ತ ನಡೆದವನ ಸ್ನಾಯುವೂ ಈ ಕೆಲಸವನ್ನು ಒಂದೇ ಬಗೆಯಾಗಿ ಮಾಡುತ್ತವೆ.

೩. ಮೊದಲ ಹತ್ತು ನಿಮಿಷಗಳ ವಂಚನೆ

ವ್ಯಾಯಾಮದಲ್ಲಿ ಅತ್ಯಂತ ಅಹಿತವಾದ ಭಾಗವೆಂದರೆ ಅದರ ಆರಂಭ. ವಿಶ್ರಾಂತಿಯಲ್ಲಿರುವಾಗ ಹೃದಯದಿಂದ ಹೊರಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರ ಸ್ನಾಯುಗಳಿಗೆ ಹೋಗುತ್ತಿರುತ್ತದೆ. ನಡಿಗೆ ಆರಂಭವಾದೊಡನೆ ಸ್ನಾಯುಗಳು ಹೆಚ್ಚು ಪ್ರಾಣವಾಯುವನ್ನು ಬೇಡುತ್ತವೆ. ಆದರೆ ಹೃದಯ ಮತ್ತು ಶ್ವಾಸಕೋಶಗಳು ಈ ಬೇಡಿಕೆಗೆ ಹೊಂದಿಕೊಳ್ಳಲು ಎರಡು ಮೂರು ನಿಮಿಷಗಳಾದರೂ ಬೇಕು. ಕೀಲುಗಳ ಬಿಗಿತ ಬಿಡುವುದಕ್ಕೆ ಮತ್ತಷ್ಟು ಕಾಲ ಬೇಕು. ಈ ಅವಧಿಯಲ್ಲಿ ಕಾಲು ಭಾರವೆನಿಸುವುದು, ಉಸಿರು ಹಿಡಿದಂತಾಗುವುದು, "ಮನೆಗೆ ಮರಳೋಣ" ಎನಿಸುವುದು ಸ್ವಾಭಾವಿಕ. ಹೊಂದಾಣಿಕೆಯಾದ ಮೇಲೆ ಅದೇ ನಡಿಗೆ ಹಗುರವಾಗುತ್ತದೆ.

ಆದರೆ ಮನಸ್ಸು ಈ ಆರಂಭದ ಕಷ್ಟವನ್ನೇ ಇಡೀ ವ್ಯಾಯಾಮದ ಕಷ್ಟವೆಂದು ಎಣಿಸುತ್ತದೆ. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮ ಎಷ್ಟು ಹಿತವಾಗಬಹುದೆಂದು ಜನರು ಮೊದಲು ಊಹಿಸಿದುದಕ್ಕಿಂತ ಮುಗಿದ ಮೇಲೆ ಅದು ಹೆಚ್ಚು ಹಿತವಾಗಿತ್ತೆಂದು ಹೇಳಿದರು. ಆರಂಭದ ಅಹಿತದ ಮೇಲೆಯೇ ಗಮನ ನೆಟ್ಟಿರುವುದು ಈ ತಪ್ಪು ಊಹೆಗೆ ಕಾರಣವೆಂದು ಅವರು ಕಂಡುಕೊಂಡರು.

ಆದುದರಿಂದ ಹಾಸಿಗೆಯಲ್ಲಿದ್ದಾಗ ಮನಸ್ಸು ಕೊಡುವ ತೀರ್ಪನ್ನು ಒಪ್ಪಬೇಕಾಗಿಲ್ಲ. "ಹತ್ತು ನಿಮಿಷ ನಡೆಯುತ್ತೇನೆ. ಆಗಲೂ ಬೇಡವೆನಿಸಿದರೆ ಹಿಂದಿರುಗುತ್ತೇನೆ" ಎಂಬ ಒಪ್ಪಂದವನ್ನು ಮಾಡಿಕೊಳ್ಳಿರಿ. ಈ ಒಪ್ಪಂದವು ಪ್ರಾಮಾಣಿಕವಾಗಿರಬೇಕು. ಹತ್ತು ನಿಮಿಷಗಳ ಅನಂತರವೂ ಬೇಡವೆನಿಸಿದರೆ ಯಾವ ಸಂಕೋಚವೂ ಇಲ್ಲದೆ ಮನೆಗೆ ಬರಬಹುದು. ಹತ್ತು ನಿಮಿಷ ಹೋಗಿ ಹತ್ತು ನಿಮಿಷ ಬಂದರೆ ಇಪ್ಪತ್ತು ನಿಮಿಷಗಳ ನಡಿಗೆ ಹೇಗೂ ಆಗಿಯೇ ಇರುತ್ತದೆ!

೪. ಹೊತ್ತು, ಸ್ಥಳ ಮತ್ತು ಸೂಚನೆ

"ನಾಳೆಯಿಂದ ನಡೆಯುತ್ತೇನೆ" ಎಂಬ ಸಂಕಲ್ಪ ಒಳ್ಳೆಯದಾದರೂ ದುರ್ಬಲವಾದುದು. ನಾಳೆ ಎಷ್ಟು ಹೊತ್ತಿಗೆ, ಎಲ್ಲಿ, ಯಾವ ಕೆಲಸದ ಬೆನ್ನಿಗೆ ಎಂಬುದು ಅದರಲ್ಲಿಲ್ಲ.

ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳನ್ನು ಕುರಿತು ನಡೆದು ೨೦೦೨ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಇಲ್ಲಿ ಗಮನಾರ್ಹವಾಗಿದೆ. ಒಂದು ಗುಂಪಿಗೆ ಹೃದ್ರೋಗ ಮತ್ತು ವ್ಯಾಯಾಮದ ಲಾಭಗಳನ್ನು ವಿವರಿಸುವ ಕರಪತ್ರವನ್ನು ಓದಲು ಕೊಟ್ಟರು. ಮತ್ತೊಂದು ಗುಂಪಿಗೆ ಕರಪತ್ರದ ಜೊತೆಗೆ, ಮುಂದಿನ ವಾರ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ವ್ಯಾಯಾಮ ಮಾಡುವಿರೆಂದು ಬರೆದುಕೊಡಲು ತಿಳಿಸಿದರು. ಕೇವಲ ಓದಿದವರಲ್ಲಿ ೧೦೦ಕ್ಕೆ ೩೫ ಮಂದಿ ಆ ವಾರ ವ್ಯಾಯಾಮ ಮಾಡಿದರು. ಓದಿ ಬರೆದವರಲ್ಲಿ ೧೦೦ಕ್ಕೆ ೯೧ ಮಂದಿ ಮಾಡಿದರು. ಇದು ಅಲ್ಪಕಾಲದ, ಚಿಕ್ಕ ಪ್ರಯೋಗ. ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಇಷ್ಟೇ ಫಲ ದೊರೆಯುವುದೆಂದು ಹೇಳಲಾಗದು. ಆದರೂ ಅದರ ಪಾಠ ಸ್ಪಷ್ಟವಾಗಿದೆ. ನೀವು ಈಗ ಓದುತ್ತಿರುವುದೂ ಅಂತಹದೇ ಒಂದು ಕರಪತ್ರ. ಇದನ್ನು ಓದಿದ ಮಾತ್ರಕ್ಕೆ ಯಾರ ಕಾಲೂ ನಡೆಯಲಾರದು.

ಹೊತ್ತನ್ನು ಗೊತ್ತುಪಡಿಸುವಾಗ ಈಗಾಗಲೇ ಪ್ರತಿದಿನ ತಪ್ಪದೆ ಮಾಡುವ ಯಾವುದಾದರೊಂದು ಕೆಲಸಕ್ಕೆ ನಡಿಗೆಯನ್ನು ಗಂಟುಹಾಕಿರಿ. ಆ ಕೆಲಸವೇ ನಿಮಗೆ ಸೂಚನೆಯಾಗುತ್ತದೆ. ಉದಾಹರಣೆಗೆ:

(ಅ) ಡೇರಿಗೆ ಹಾಲು ಹಾಕಿದ ಕೂಡಲೇ, ಮನೆಗೆ ಮರಳುವ ಮುನ್ನ ಕೆರೆಯ ಏರಿಯ ತುದಿಯವರೆಗೆ ಹೋಗಿಬರುವುದು.
(ಆ) ಮಕ್ಕಳನ್ನು ಶಾಲೆಗೆ ಬಿಟ್ಟ ಕೂಡಲೇ ಅಲ್ಲಿಂದಲೇ ನಡಿಗೆಯನ್ನು ಆರಂಭಿಸುವುದು. ಮನೆಯೊಳಗೆ ಒಮ್ಮೆ ಕಾಲಿಟ್ಟರೆ ಮತ್ತೆ ಹೊರಡುವುದು ಕಷ್ಟ.
(ಇ) ಕಚೇರಿಗೆ ಬಸ್ಸಿನಲ್ಲಿ ಹೋಗುವವರು ಒಂದು ನಿಲ್ದಾಣ ಮೊದಲೇ ಇಳಿದು ನಡೆಯುವುದು.
(ಈ) ರಾತ್ರಿಯ ಊಟವಾದ ಮೇಲೆ ಬೀದಿಯ ಕೊನೆಯವರೆಗೆ ನಿಧಾನವಾಗಿ ಎರಡು ಸಲ ನಡೆದುಬರುವುದು.

ಇದರೊಡನೆ ಅಡ್ಡಿಗಳನ್ನೂ ಮೊದಲೇ ಎಣಿಸಿಡಬೇಕು. ಮಲೆನಾಡು ಮತ್ತು ಕರಾವಳಿಗಳಲ್ಲಿ ಮಳೆಗಾಲವು ದೀರ್ಘವಾಗಿರುತ್ತದೆ. ಬಯಲುಸೀಮೆಯಲ್ಲಿ ಬೇಸಿಗೆಯ ಬಿಸಿಲು ತೀಕ್ಷ್ಣವಾಗಿರುತ್ತದೆ. "ಮಳೆ ಬಂದರೆ ಜಗಲಿಯ ಮೇಲೆ ಹದಿನೈದು ನಿಮಿಷ ಅತ್ತಿತ್ತ ನಡೆಯುತ್ತೇನೆ", "ಬಿಸಿಲಿದ್ದರೆ ಸೂರ್ಯೋದಯಕ್ಕೆ ಮುಂಚೆ ಹೊರಡುತ್ತೇನೆ" ಎಂದು ಮೊದಲೇ ನಿಶ್ಚಯಿಸಿದರೆ, ಆ ದಿನ ಮನಸ್ಸಿನೊಡನೆ ವಾದಕ್ಕಿಳಿಯುವ ಪ್ರಸಂಗ ಬರುವುದಿಲ್ಲ. ಚಪ್ಪಲಿ ಅಥವಾ ಬೂಟುಗಳನ್ನು ರಾತ್ರಿಯೇ ಬಾಗಿಲ ಬಳಿ ಇಡುವುದು, ಒಬ್ಬ ನೆರೆಯವರೊಡನೆ ಕೂಡಿ ಹೊರಡುವ ಏರ್ಪಾಡು ಮಾಡಿಕೊಳ್ಳುವುದು ಇವೂ ಸಹಾಯಕವಾಗುತ್ತವೆ. ನಮಗಾಗಿ ನಾವು ಏಳದಿದ್ದರೂ, ಬೀದಿಯಲ್ಲಿ ಕಾಯುತ್ತಿರುವ ಜೊತೆಗಾರರಿಗಾಗಿ ಏಳುತ್ತೇವೆ.

೫. ಅಳತೆ ಚಿಕ್ಕದಾಗಿರಲಿ

ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರು ವಾರದಲ್ಲಿ ೧೫೦ರಿಂದ ೩೦೦ ನಿಮಿಷಗಳ ಕಾಲ ಮಧ್ಯಮ ಪ್ರಮಾಣದ ಚಟುವಟಿಕೆಯಲ್ಲಿ ತೊಡಗಬೇಕು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವಿರಬೇಕು. ನಡೆಯುವಾಗ ಮಾತನಾಡಲು ಸಾಧ್ಯವಿದ್ದು, ಹಾಡಲು ಸಾಧ್ಯವಾಗದಿದ್ದರೆ ಅದು ಮಧ್ಯಮ ಪ್ರಮಾಣವೆಂದು ತಿಳಿಯಬಹುದು. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈಗಳನ್ನು ಊರಿ ಮೈಯನ್ನು ಮುಂದೆ ಹಿಂದೆ ತರುವುದು, ಬಲವಿದ್ದವರು ಬಸ್ಕಿ ಹೊಡೆಯುವುದು ಇವು ಮನೆಯಲ್ಲಿಯೇ ಮಾಡಬಹುದಾದ ಬಲವರ್ಧಕ ವ್ಯಾಯಾಮಗಳು.

ಆದರೆ ಈ ಅಂಕಿಗಳನ್ನು ಕಂಡು ಎದೆಗುಂದಬಾರದು. ಅದೇ ಮಾರ್ಗಸೂಚಿಯು, ಏನೂ ಮಾಡದಿರುವುದಕ್ಕಿಂತ ಅಲ್ಪಸ್ವಲ್ಪ ಮಾಡುವುದೂ ಮೇಲೆಂದು ಹೇಳುತ್ತದೆ. ದಿನಕ್ಕೆ ೧೦,೦೦೦ ಹೆಜ್ಜೆ ಹಾಕದಿದ್ದರೆ ಫಲವಿಲ್ಲವೆಂಬ ನಂಬಿಕೆಯೂ ಜನರಲ್ಲಿದೆ. ಈ ಸಂಖ್ಯೆಯು ೧೯೬೫ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಒಂದು ಉಪಕರಣದ ಹೆಸರಿನಿಂದ ಹರಡಿದುದು. ಅದಕ್ಕಿಂತ ಕಡಮೆ ಹೆಜ್ಜೆಗಳಿಂದಲೂ ಪ್ರಯೋಜನವಿದೆ ಎಂಬುದು ಈಗ ಸಿದ್ಧವಾಗಿದೆ.

ಹೊಸದಾಗಿ ಆರಂಭಿಸುವವರು ಈ ಕ್ರಮವನ್ನು ಅನುಸರಿಸಬಹುದು:

ಮೊದಲ ಎರಡು ವಾರ: ದಿನಕ್ಕೆ ೧೦ ನಿಮಿಷ, ಸಹಜವಾದ ನಡಿಗೆ.
ಮೂರು ಮತ್ತು ನಾಲ್ಕನೆಯ ವಾರ: ದಿನಕ್ಕೆ ೧೫ ನಿಮಿಷ.
ಐದು ಮತ್ತು ಆರನೆಯ ವಾರ: ದಿನಕ್ಕೆ ೨೦ ನಿಮಿಷ, ನಡುವೆ ಐದು ನಿಮಿಷ ಬಿರುಸಾಗಿ.
ಅನಂತರ: ಕ್ರಮೇಣ ವಾರಕ್ಕೆ ಐದು ದಿನ, ೩೦ ನಿಮಿಷಗಳ ಬಿರುಸು ನಡಿಗೆ.

ಮನಸ್ಸು ತೀರ ಕುಗ್ಗಿದ ದಿನಕ್ಕಾಗಿ ಒಂದು "ಕನಿಷ್ಠ ಅಳತೆ"ಯನ್ನು ಇಟ್ಟುಕೊಳ್ಳಿರಿ. ಅದು ಐದು ನಿಮಿಷಗಳಾದರೂ ಸರಿಯೆ. ಆ ದಿನದ ಐದು ನಿಮಿಷ ದೇಹಕ್ಕೆ ಕೊಡುವ ಲಾಭ ಅಲ್ಪವಾಗಿರಬಹುದು. ಆದರೆ ಅದು ರೂಢಿಯ ಎಳೆ ಹರಿಯದಂತೆ ಕಾಪಾಡುತ್ತದೆ.

೬. ಒಂದು ದಿನ ತಪ್ಪಿದರೆ

ಮದುವೆ, ಹಬ್ಬ, ಜ್ವರ, ಪ್ರಯಾಣ ಇವು ಎಲ್ಲರ ಮನೆಯಲ್ಲಿಯೂ ಉಂಟು. ಒಂದು ದಿನ ತಪ್ಪಿದೊಡನೆ "ಇನ್ನೇನು, ಕೆಟ್ಟಿತು" ಎಂದು ಪೂರ್ತಿ ಬಿಟ್ಟುಬಿಡುವುದೇ ನಿಜವಾದ ನಷ್ಟ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಹೊಸ ಅಭ್ಯಾಸಗಳು ಬೇರೂರುವ ಬಗೆಯನ್ನು ೯೬ ಮಂದಿಯಲ್ಲಿ ಪರಿಶೀಲಿಸಿ ೨೦೧೦ರಲ್ಲಿ ವರದಿ ಪ್ರಕಟಿಸಿದರು. ಕೆಲಸವು ಯತ್ನವಿಲ್ಲದೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸಾಮಾನ್ಯವಾಗಿ ೬೬ ದಿನಗಳು ಹಿಡಿದವು. ಕೆಲವರಿಗೆ ೧೮ ದಿನಗಳು ಸಾಕಾದವು. ಮತ್ತೆ ಕೆಲವರಿಗೆ ೨೫೪ ದಿನಗಳು ಬೇಕೆಂದು ಅಂದಾಜು ಮಾಡಲಾಯಿತು. ನಡುವೆ ಒಂದು ದಿನ ತಪ್ಪಿದುದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂತಹ ಅಡ್ಡಿಯೇನೂ ಆಗಲಿಲ್ಲ.

ಇದರಿಂದ ಎರಡು ವಿಷಯಗಳನ್ನು ಗ್ರಹಿಸಬೇಕು. ಮೊದಲನೆಯದಾಗಿ, ಹದಿನೈದು ದಿನಗಳಾದರೂ ಇನ್ನೂ ಕಷ್ಟವೆನಿಸುತ್ತಿದ್ದರೆ ಅದು ನಿಮ್ಮ ದೋಷವಲ್ಲ. ಎರಡನೆಯದಾಗಿ, ತಪ್ಪಿದ ದಿನಕ್ಕಾಗಿ ದಂಡವೆಂದು ಮರುದಿನ ಎರಡರಷ್ಟು ನಡೆಯಬೇಕಾಗಿಲ್ಲ. ಮರುದಿನ ಅದೇ ಹೊತ್ತಿಗೆ ಎಂದಿನ ಅಳತೆಯಷ್ಟು ನಡೆದರೆ ಸಾಕು. ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಗಳಿಗೆ ಗುರುತು ಹಾಕುತ್ತ ಬಂದರೆ, ತಪ್ಪಿದ ದಿನಗಳಿಗಿಂತ ನಡೆದ ದಿನಗಳೇ ಹೆಚ್ಚೆಂಬುದು ಕಣ್ಣಿಗೆ ಕಾಣುತ್ತದೆ.

೭. ಕುಟುಂಬದ ಹೊಣೆ

ಸ್ತ್ರೀಯರ ವಿಷಯದಲ್ಲಿ ವಿಶೇಷವಾಗಿ ಯೋಚಿಸಬೇಕಾಗಿದೆ. "ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿ ದುಡಿಯುತ್ತೇನೆ, ಬೇರೆ ವ್ಯಾಯಾಮವೇಕೆ?" ಎಂದು ಅನೇಕ ತಾಯಂದಿರು ಕೇಳುತ್ತಾರೆ. ಅವರ ದುಡಿಮೆ ದೊಡ್ಡದು. ನೀರು ಹೊರುವುದು, ಬಿರುಸಾಗಿ ನೆಲ ಒರೆಸುವುದು, ಹೊಲದ ಕೆಲಸ ಇವೆಲ್ಲ ದೈಹಿಕ ಚಟುವಟಿಕೆಯ ಲೆಕ್ಕಕ್ಕೆ ಸೇರುತ್ತವೆ. ಆದರೆ ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವುದರಿಂದ ಆಯಾಸವಾಗುತ್ತದೆಯೇ ಹೊರತು ಹೃದಯಕ್ಕೂ ಶ್ವಾಸಕೋಶಗಳಿಗೂ ಸಾಕಷ್ಟು ವ್ಯಾಯಾಮ ದೊರೆಯುವುದಿಲ್ಲ.

ಇಂತಹ ತಾಯಿಗೆ ಮನಸ್ಸಿಲ್ಲವೆಂದು ಹೇಳುವ ಮೊದಲು ಆಕೆಗೆ ಸಮಯವಿದೆಯೇ ಎಂದು ನೋಡಬೇಕು. ಸಂಜೆಯ ಅರ್ಧ ಗಂಟೆ ಮಗುವನ್ನು ಪತಿ ನೋಡಿಕೊಳ್ಳಲಿ. ಅಕ್ಕಿ ಆರಿಸುವುದನ್ನು, ತರಕಾರಿ ಹೆಚ್ಚುವುದನ್ನು ಬೆಳೆದ ಮಕ್ಕಳು ಮಾಡಲಿ. "ಈ ವಯಸ್ಸಿನಲ್ಲಿ ವಾಕಿಂಗ್ ಬೇರೆ ಕೇಡು" ಎಂಬ ಅತ್ತೆಯ ಅಥವಾ ನೆರೆಯವರ ಒಂದು ಮಾತು, ನಾವು ಕೊಡುವ ಹತ್ತು ಉಪದೇಶಗಳನ್ನು ಅಳಿಸಿಹಾಕಬಲ್ಲದು. ಅತ್ತೆ ಸೊಸೆಯರು ಕೂಡಿಯೇ ಹೊರಟರೆ ಮತ್ತೂ ಉತ್ತಮ.

೮. ಮನಸ್ಸು ಬಾರದಿರುವುದೇ ರೋಗದ ಲಕ್ಷಣವಾದಾಗ

ನಿರುತ್ಸಾಹವೆಲ್ಲವೂ ಅಭ್ಯಾಸದಿಂದ ತೀರತಕ್ಕದ್ದಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ೧೫ರಿಂದ ೪೯ ವರ್ಷದೊಳಗಿನ ಸ್ತ್ರೀಯರಲ್ಲಿ ಶೇಕಡಾ ೫೭ ಮಂದಿಗೆ ರಕ್ತಹೀನತೆಯಿದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಮೆಯಾದಾಗ ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ. ಅಂತಹವರನ್ನು ಸೋಮಾರಿಗಳೆನ್ನುವುದು ಅನ್ಯಾಯ. ಅವರಿಗೆ ಬೇಕಾದುದು ರಕ್ತಪರೀಕ್ಷೆ ಮತ್ತು ಚಿಕಿತ್ಸೆ. ಥೈರಾಯ್ಡ್ ಗ್ರಂಥಿಯ ಕೊರತೆ, ಹತೋಟಿಗೆ ಬಾರದ ಮಧುಮೇಹ ಇವುಗಳಿಂದಲೂ ಸದಾ ಆಯಾಸವಿರಬಹುದು.

ಎರಡು ವಾರಗಳಿಗೂ ಮೀರಿ ನಡಿಗೆಯಲ್ಲಷ್ಟೇ ಅಲ್ಲದೆ ಊಟ, ಕೆಲಸ, ಮಕ್ಕಳು, ನೆಂಟರಿಷ್ಟರು ಯಾವುದರಲ್ಲಿಯೂ ಆಸಕ್ತಿಯಿಲ್ಲದಿದ್ದರೆ, ನಿದ್ರೆ ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ ಅದು ಖಿನ್ನತೆಯೆಂಬ ಕಾಯಿಲೆಯಾಗಿರಬಹುದು. ಅದಕ್ಕೆ ಚಿಕಿತ್ಸೆಯಿದೆ. ಸಮೀಪದ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿಯ ೧೪೪೧೬ ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಈ ಎಚ್ಚರಿಕೆಗಳನ್ನೂ ಗಮನದಲ್ಲಿಡಿರಿ:

(ಅ) ಹೃದ್ರೋಗವಿರುವವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿ ಆರಂಭಿಸಬೇಕು.
(ಆ) ನಡೆಯುವಾಗ ಎದೆ ಹಿಂಡಿದಂತಾದರೆ, ನೋವು ಎಡತೋಳಿಗೆ ಅಥವಾ ದವಡೆಗೆ ಹರಡಿದರೆ, ಕಣ್ಣು ಕತ್ತಲೆ ಬಂದರೆ ಕೂಡಲೇ ನಿಲ್ಲಿಸಬೇಕು. ನೋವು ಇಳಿಯದಿದ್ದರೆ ತಡಮಾಡದೆ ೧೦೮ ಅಂಬುಲೆನ್ಸನ್ನು ಕರೆಯಿಸಬೇಕು.
(ಇ) ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಬಾರದು. ಮರಳಿದ ಮೇಲೆ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ಇನ್ಸುಲಿನ್ ಪಡೆಯುವವರು ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಂಡಿರಬೇಕು.
(ಈ) ಜ್ವರವಿದ್ದ ದಿನ ವಿಶ್ರಾಂತಿಯೇ ಸರಿಯಾದುದು.

ಮೂವತ್ತು ವರ್ಷ ದಾಟಿದ ಎಲ್ಲರೂ ತಮ್ಮ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು.

ಸಾರಾಂಶ

ಉತ್ಸಾಹವು ಬಂದುಹೋಗುವ ನೆಂಟ. ಆತನಿಗಾಗಿ ಕಾಯುತ್ತ ಕುಳಿತರೆ ಮನೆಯ ಕೆಲಸ ನಿಲ್ಲುತ್ತದೆ. ಹೊತ್ತು, ಸ್ಥಳ ಮತ್ತು ಅಳತೆಗಳನ್ನು ಗೊತ್ತುಪಡಿಸಿಕೊಂಡರೆ ನಡಿಗೆಯು ಉತ್ಸಾಹವಿಲ್ಲದ ದಿನವೂ ಸಾಗುತ್ತದೆ. ಹಾಗೆ ಸಾಗಿದ ನಡಿಗೆಯಿಂದಲೇ ಬಹುಮಟ್ಟಿಗೆ ಉತ್ಸಾಹವೂ ಹುಟ್ಟುತ್ತದೆ.

ಅಭ್ಯಾಸ ಪ್ರಶ್ನೆಗಳು

೧. ನಡಿಗೆಯ ಮೊದಲ ಕೆಲವು ನಿಮಿಷಗಳು ಕಷ್ಟವೆನಿಸುವುದೇಕೆ?
೨. ಮಧ್ಯಮ ಪ್ರಮಾಣದ ನಡಿಗೆಯನ್ನು ಗುರುತಿಸುವುದು ಹೇಗೆ?
೩. ಒಂದು ದಿನ ತಪ್ಪಿದರೆ ಮರುದಿನ ಏನು ಮಾಡಬೇಕು?
೪. ನಿಮ್ಮ ಮನೆಯಲ್ಲಿ ವ್ಯಾಯಾಮಕ್ಕೆ ಬಿಡುವಿಲ್ಲದವರು ಯಾರು? ಅವರ ಯಾವ ಕೆಲಸವನ್ನು ನೀವು ವಹಿಸಿಕೊಳ್ಳಬಲ್ಲಿರಿ?
೫. ಯಾವ ಲಕ್ಷಣಗಳು ಕಂಡರೆ ವೈದ್ಯರನ್ನು ಕಾಣಬೇಕು?

ಪುಸ್ತಿಕೆಯನ್ನು ಮುಚ್ಚುವ ಮುನ್ನ ಕೆಳಗಿನ ಸಾಲುಗಳನ್ನು ತುಂಬಿ, ಮನೆಯವರಿಗೆ ಓದಿ ಹೇಳಿರಿ:

ನಾನು ನಾಳೆ ............ ಕೆಲಸ ಮುಗಿದ ಕೂಡಲೇ, ............ ಗಂಟೆಗೆ, ............ ಇಂದ ............ ವರೆಗೆ, ............ ನಿಮಿಷ ನಡೆಯುತ್ತೇನೆ. ಮಳೆ ಬಂದರೆ ............ ದಲ್ಲಿ ನಡೆಯುತ್ತೇನೆ. ಮನಸ್ಸು ಬಾರದಿದ್ದರೆ ............ ನಿಮಿಷವಾದರೂ ನಡೆಯುತ್ತೇನೆ.